ಪ್ರಮಾಣ, ಫಲ, ಇಚ್ಛೆ

ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಹೇಳಿದಾಗ ನಾನು ಹಿಂದುಮುಂದು ನೋಡಿದೆನು. ಇತಿಹಾಸವೆಂದರೆ ಪುಲಕೇಶಿ, ಕೃಷ್ಣದೇವರಾಯ, ಕಿತ್ತೂರು ಚೆನ್ನಮ್ಮ. ಅವರ ವಿಷಯವಾಗಿ ನನಗಿಂತ ಬಲ್ಲವರು ಬರೆಯುತ್ತಲೇ ಬಂದಿದ್ದಾರೆ. ವಾಣಿಜ್ಯಶಾಸ್ತ್ರದ ಪದವಿ ಪಡೆದು, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ದಿನ ಕಳೆಯುವ ನಾನು ಬಲ್ಲುದು ಬಡ್ಡಿ, ಕಂತು, ಶೇಕಡಾ ಇಷ್ಟೇ. ಆದರೆ ಈ ಶೇಕಡಾ ಲೆಕ್ಕಕ್ಕೂ ಒಂದು ಇತಿಹಾಸವುಂಟು, ಅದರಲ್ಲಿ ಕನ್ನಡ ನಾಡಿನ ಪಾಲು ಅಲ್ಪವಲ್ಲ ಎಂಬುದು ಮನೆಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗದಿಂದ ನೆನಪಿಗೆ ಬಂದಿತು.

ನನ್ನ ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಒಂದು ಸಂಜೆ ಅವಳ ಪುಸ್ತಕದಲ್ಲಿ ಇಂಥ ಲೆಕ್ಕವೊಂದಿತ್ತು: ವ್ಯಾಪಾರಿಯೊಬ್ಬನು ಸರಕಿನ ಬೆಲೆಯನ್ನು ಶೇಕಡಾ ೨೫ರಷ್ಟು ಏರಿಸಿ ಬರೆದು, ಆ ಮೇಲೆ ಶೇಕಡಾ ೨೦ರಷ್ಟು ಸೋಡಿ ಕೊಟ್ಟರೆ ಅವನಿಗೆ ದೊರೆತ ಲಾಭವೆಷ್ಟು? ಮಗಳು ಇಪ್ಪತ್ತೈದರಲ್ಲಿ ಇಪ್ಪತ್ತನ್ನು ಕಳೆದು "ಐದು" ಎಂದಳು. ಊರಿನಿಂದ ಮುಂಬಯಿಗೆ ಬಂದು ನಮ್ಮೊಡನಿರುವ ನನ್ನ ತಂದೆಯವರು ಜಗಲಿಯಿಲ್ಲದ ಈ ಮನೆಯಲ್ಲಿ ಕಿಟಕಿಯ ಬಳಿ ಕುಳಿತು ಪತ್ರಿಕೆ ಓದುತ್ತಿದ್ದರು. ತಲೆಯೆತ್ತದೆಯೇ, "ಯಾವ ನೂರಕ್ಕೆ ಮಗಾ?" ಎಂದು ಕೇಳಿದರು.

ಮಗಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಗ ಅಜ್ಜನು ವಿವರಿಸಿದರು. ಮೊದಲಿನ ಇಪ್ಪತ್ತೈದು ವ್ಯಾಪಾರಿಯು ಕೊಂಡ ನೂರಕ್ಕೆ. ಅದು ಸೇರಿ ನೂರ ಇಪ್ಪತ್ತೈದಾಯಿತು. ಸೋಡಿ ಕೊಟ್ಟಿದ್ದು ಈ ನೂರ ಇಪ್ಪತ್ತೈದರ ಮೇಲೆ. ನೂರಕ್ಕೆ ಇಪ್ಪತ್ತಾದರೆ ನೂರ ಇಪ್ಪತ್ತೈದಕ್ಕೆ ಇಪ್ಪತ್ತೈದು. ಏರಿಸಿದ್ದೂ ಅಷ್ಟೇ, ಇಳಿಸಿದ್ದೂ ಅಷ್ಟೇ. ವ್ಯಾಪಾರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂಗಡಿಯ ಮುಂದೆ ಗಿರಾಕಿಗಳ ಗುಂಪು ಮಾತ್ರ ಲಾಭ.

"ಇದನ್ನು ನಿಮಗೆ ಯಾರು ಕಲಿಸಿದರು?" ಎಂದು ಅವಳು ಕೇಳಿದಳು. "ಐಗಳ ಮಠದಲ್ಲಿ ನಮ್ಮಪ್ಪ ಕಲಿತದ್ದು, ಅವರಿಂದ ನಾನು ಕಲಿತದ್ದು. ತ್ರೈರಾಶಿಕ ಅಂತಾರೆ" ಎಂದರು. ಆ ಹೆಸರು ಕೇಳಿದ್ದೇ ತಡ, ಮಗಳು "ಅದು ಮರಾಠಿಯಲ್ಲೂ ಇದೆ!" ಎಂದು ಹಿಗ್ಗಿದಳು. ನಿಜವೇ. ನಮ್ಮ ತ್ರೈರಾಶಿಕವೇ ಮರಾಠಿಯ ತ್ರೈರಾಶಿಕ, ನಮ್ಮ ಶೇಕಡಾವೇ ಅವರ ಶೇಕಡಾ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಅನೇಕ ಸಂಗತಿಗಳಲ್ಲಿ ಗೊಂದಲಪಡುವುದುಂಟು. ಇಲ್ಲಿ ಮಾತ್ರ ಒಂದೇ ಶಬ್ದ ಎರಡೂ ಮನೆಗಳಿಗೆ ಸಾಲುತ್ತದೆ.

ತ್ರೈರಾಶಿಕವೆಂದರೆ ಮೂರು ರಾಶಿಗಳ ಲೆಕ್ಕ. ತಿಳಿದಿರುವ ಮೂರು ಸಂಖ್ಯೆಗಳಿಂದ ತಿಳಿಯದ ನಾಲ್ಕನೆಯದನ್ನು ಕಂಡುಹಿಡಿಯುವುದು. ಕ್ರಿ.ಶ. ೪೯೯ರಲ್ಲಿ ತನ್ನ ಗ್ರಂಥವನ್ನು ರಚಿಸಿದ ಆರ್ಯಭಟನು ಇದಕ್ಕೆ ಒಂದೇ ಶ್ಲೋಕದಲ್ಲಿ ಸೂತ್ರ ಹೇಳಿರುವನು. ೬೨೮ರಲ್ಲಿ ಬರೆದ ಬ್ರಹ್ಮಗುಪ್ತನು ಆ ಮೂರಕ್ಕೆ ಪ್ರಮಾಣ, ಫಲ, ಇಚ್ಛೆ ಎಂಬ ಹೆಸರುಗಳನ್ನು ಹೇಳಿ, ಮೊದಲನೆಯದೂ ಕೊನೆಯದೂ ಒಂದೇ ಜಾತಿಯವಾಗಿರಬೇಕೆಂದು ಎಚ್ಚರಿಸಿರುವನು. ಆರು ತೆಂಗಿನಕಾಯಿಗೆ ೧೮೦ ರೂಪಾಯಿಯಾದರೆ ಹತ್ತಕ್ಕೆ ಎಷ್ಟು? ಆರು ಕಾಯಿ ಪ್ರಮಾಣ, ೧೮೦ ರೂಪಾಯಿ ಫಲ, ಹತ್ತು ಕಾಯಿ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ೩೦೦ ರೂಪಾಯಿ. ಗುಣಾಕಾರ ಭಾಗಾಕಾರಗಳು ಇಲ್ಲಿ ದೊಡ್ಡ ವಿಷಯವಲ್ಲ. ಇಂದು ಅವನ್ನು ಮೊಬೈಲು ಮಾಡಿಕೊಡುತ್ತದೆ. ಯಾವುದು ಪ್ರಮಾಣ, ಯಾವುದು ಇಚ್ಛೆ ಎಂದು ಗೊತ್ತುಮಾಡುವುದೇ ಕಷ್ಟ. ನನ್ನ ಮಗಳು ತಪ್ಪಿದ್ದು ಅಲ್ಲಿಯೇ. ಕಾಯಿಯೊಡನೆ ಕಾಯಿಯನ್ನು ಇಡುವಂತೆ ನೂರಿನೊಡನೆ ಅದಕ್ಕೆ ಸಲ್ಲುವ ಮೊತ್ತವನ್ನೇ ಇಡಬೇಕಾಗಿತ್ತು.

ಈ ವಿದ್ಯೆ ನಮ್ಮ ದೇಶದ್ದು ಮಾತ್ರವೆಂದು ಹೇಳಿಕೊಳ್ಳುವ ಹಾಗಿಲ್ಲ. ಚೀನೀಯರ ಒಂಬತ್ತು ಅಧ್ಯಾಯಗಳ ಪ್ರಾಚೀನ ಗಣಿತಗ್ರಂಥದಲ್ಲಿಯೂ ಇಂಥ ಲೆಕ್ಕಗಳಿವೆ. ಆದರೆ ಭಾರತದ ರಾಶಿಗಣಿತದ ಮೇಲೆ ಅಲ್ ಬಿರೂನಿಯಂಥ ವಿದ್ವಾಂಸನು ಪ್ರತ್ಯೇಕವಾಗಿ ಒಂದು ಪುಸ್ತಕವನ್ನೇ ಬರೆದನೆಂಬುದನ್ನು ನೆನೆದರೆ ಇಲ್ಲಿ ಇದಕ್ಕಿದ್ದ ಗೌರವ ತಿಳಿಯುತ್ತದೆ. ಯುರೋಪಿನ ವರ್ತಕರು ಮುಂದೆ ಇದನ್ನು "ಚಿನ್ನದ ಸೂತ್ರ" ಎಂದು ಕರೆದರು.

ಇನ್ನು ನಮ್ಮ ನಾಡಿಗೆ ಬರೋಣ. ಕಲಬುರಗಿ ಜಿಲ್ಲೆಯ ಮಳಖೇಡವನ್ನು ನಮ್ಮವರು ಕವಿರಾಜಮಾರ್ಗದ ನೆಪದಿಂದ ನೆನೆಯುತ್ತಾರೆ. ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ೮೧೪ರಿಂದ ೮೭೮ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲಿ ಹೊಗಳಿರುವ ಜೈನ ಗಣಿತಜ್ಞನೊಬ್ಬನಿದ್ದಾನೆ, ಅವನೇ ಮಹಾವೀರಾಚಾರ್ಯ. ಸುಮಾರು ೮೫೦ರಲ್ಲಿ ಅವನು ರಚಿಸಿದ "ಗಣಿತಸಾರಸಂಗ್ರಹ"ದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳಿವೆ. ಗ್ರಹಗತಿಯ ಗೊಡವೆಗೆ ಹೋಗದೆ ಗಣಿತವನ್ನಷ್ಟೇ ಹಿಡಿದು ಬರೆದ ಗ್ರಂಥವಿದು. ಲೌಕಿಕ, ವೈದಿಕ, ಧಾರ್ಮಿಕ ವ್ಯವಹಾರಗಳೆಲ್ಲಕ್ಕೂ, ಸಂಗೀತಕ್ಕೂ, ವೈದ್ಯಕ್ಕೂ, ಅಡುಗೆಗೂ, ಮನೆ ಕಟ್ಟುವುದಕ್ಕೂ ಲೆಕ್ಕ ಬೇಕೆಂದು ಅವನು ಮೊದಲಿಗೇ ಹೇಳಿಬಿಡುತ್ತಾನೆ. ಅಡುಗೆಯನ್ನು ಮರೆಯದ ಗಣಿತಜ್ಞನೆಂದು ನನಗೆ ಅವನಲ್ಲಿ ವಿಶೇಷ ಆದರ.

ಅವನ ತ್ರೈರಾಶಿಕದ ಅಧ್ಯಾಯದಲ್ಲಿ ಒಂದು ಹಾವಿನ ಲೆಕ್ಕವಿದೆ. ಮಕ್ಕಳಿಗೆ ಹೇಳಿದರೆ ಕಣ್ಣರಳಿಸುತ್ತಾರೆ. ಎಂಬತ್ತು ಅಂಗುಲ ಉದ್ದದ ಕರಿಯ ಹಾವೊಂದು ಬಿಲವನ್ನು ಹೊಗುತ್ತಿದೆ. ಒಂದು ದಿನದ ಹದಿನಾಲ್ಕರಲ್ಲಿ ಐದು ಪಾಲು ಹೊತ್ತಿನಲ್ಲಿ ಏಳೂವರೆ ಅಂಗುಲ ಒಳಗೆ ಹೋಗುತ್ತದೆ. ಅತ್ತ ಬಾಲವು ಕಾಲು ದಿನಕ್ಕೆ ಎರಡೂ ಮುಕ್ಕಾಲು ಅಂಗುಲ ಬೆಳೆಯುತ್ತಲೇ ಇದೆ. ಹಾವು ಪೂರ್ತಿಯಾಗಿ ಒಳಹೋಗುವುದು ಯಾವಾಗ? ಮೊದಲು ಎರಡನ್ನೂ ಒಂದು ದಿನಕ್ಕೆ ತಂದುಕೊಳ್ಳಬೇಕು. ದಿನಕ್ಕೆ ಒಳಹೋಗುವುದು ೨೧ ಅಂಗುಲ, ಬೆಳೆಯುವುದು ೧೧ ಅಂಗುಲ, ನಿಜವಾಗಿ ಸಾಗುವುದು ೧೦ ಅಂಗುಲ. ಎಂಬತ್ತಕ್ಕೆ ಎಂಟು ದಿನ. ಗೃಹಸಾಲದ ಕಂತು ಕಟ್ಟುತ್ತಿರುವ ನಮ್ಮ ವಾಚಕರಿಗೆ ಈ ಹಾವು ಅಪರಿಚಿತವಲ್ಲವೆಂದು ಬಲ್ಲೆನು. ತಲೆ ಒಳಗೆ ಹೋದಷ್ಟೂ ಬಾಲ ಬೆಳೆಯುತ್ತಲೇ ಇರುತ್ತದೆ.

ಈ ಗ್ರಂಥವು ದಕ್ಷಿಣದಲ್ಲಿ ಬಹುಕಾಲ ಪಾಠದ ಪುಸ್ತಕವಾಗಿ ಉಳಿದುಕೊಂಡಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದ್ದು ೧೯೧೨ರಲ್ಲಿ. ಅವರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು.

ಮಹಾವೀರನು ಬರೆದದ್ದು ಸಂಸ್ಕೃತದಲ್ಲಿ. ಅಂಗಡಿಯವನಿಗೂ ಶಾನುಭೋಗನಿಗೂ ತಮ್ಮ ಮಾತಿನಲ್ಲೇ ಲೆಕ್ಕದ ಪುಸ್ತಕ ಬೇಡವೇ? ಅದನ್ನು ಕೊಟ್ಟವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಹೊಯ್ಸಳ ವಿಷ್ಣುವರ್ಧನನ ಕಾಲದ ಈ ಜೈನ ಕವಿ ಪೂವಿನಬಾಗೆಯವನು. ಆರ್. ನರಸಿಂಹಾಚಾರ್ಯರು "ಕರ್ಣಾಟಕ ಕವಿಚರಿತೆ"ಯಲ್ಲಿ ಇವನನ್ನು ನಮಗೆ ಪರಿಚಯ ಮಾಡಿಕೊಟ್ಟಿದ್ದಾರೆ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ ಮೊದಲಾದವು ಇವನ ಕೃತಿಗಳು. ಹಸುಗೆ ಎಂದರೆ ಹಂಚಿಕೆ, ಪಾಲು. ಎಂಥ ಅಚ್ಚಕನ್ನಡದ ಮಾತು! ವ್ಯವಹಾರಗಣಿತದಲ್ಲಿ ಸಹಜತ್ರೈರಾಶಿ, ವ್ಯಸ್ತತ್ರೈರಾಶಿ, ಪಂಚರಾಶಿ, ಸಪ್ತರಾಶಿ, ನವರಾಶಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕಗಳು ಏರುತ್ತವೆ. ಕನ್ನಡದಲ್ಲಿ ಗಣಿತವನ್ನು ಹೇಳಲಾಗದು, ಅದಕ್ಕೆ ಇಂಗ್ಲಿಷೇ ಬೇಕು ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರು ಸುಮಾರು ಒಂಬೈನೂರು ವರ್ಷ ತಡವಾಗಿ ಬಂದಿದ್ದಾರೆಂದು ಮಾತ್ರ ಹೇಳಬಲ್ಲೆನು.

ಅದೇ ಶತಮಾನದವನು ಭಾಸ್ಕರಾಚಾರ್ಯ. ಅವನ "ಲೀಲಾವತಿ" ೧೧೫೦ರದು. ಅವನು ಸಹ್ಯಾದ್ರಿಯ ವಿಜ್ಜಡವಿಡ ಎಂಬ ಊರಿನವನೆಂದು ತಾನೇ ಹೇಳಿಕೊಂಡಿರುವನು. ಅದು ನಮ್ಮ ಬಿಜಾಪುರವೇ ಎಂದು ಕೆಲವರು ಕನ್ನಡಿಗರು ಹೇಳುತ್ತ ಬಂದಿದ್ದಾರೆ. ಆದರೆ ಅವನ ಗ್ರಂಥಗಳ ವ್ಯಾಸಂಗಕ್ಕಾಗಿ ಮೊಮ್ಮಗನಾದ ಚಾಂಗದೇವನು ಮಠ ಕಟ್ಟಿಸಿದ್ದನ್ನು ತಿಳಿಸುವ ಶಾಸನವಿರುವುದು ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣದಲ್ಲಿ. ಬಿಜಾಪುರವು ಸಹ್ಯಾದ್ರಿಯ ಮಗ್ಗುಲಲ್ಲಿಯೂ ಇಲ್ಲ. ಅಭಿಮಾನದಿಂದ ಊರನ್ನು ಎಳೆದು ತರುವುದು ಲೆಕ್ಕಕ್ಕೆ ಒಪ್ಪುವ ಕೆಲಸವಲ್ಲವೆಂದು ನನಗೆ ತೋರುತ್ತದೆ. ಪುಸ್ತಕವಂತೂ ಇಬ್ಬರದೂ ಆಗಿದೆ. ಅಕ್ಬರನ ಅಪ್ಪಣೆಯಂತೆ ಫೈಜಿಯು ೧೫೮೭ರಲ್ಲಿ ಅದನ್ನು ಪಾರಸಿಗೆ ತಂದನು. ಜಾನ್ ಟೇಲರನ ಇಂಗ್ಲಿಷ್ ಅನುವಾದವು ೧೮೧೬ರಲ್ಲಿ ಅಚ್ಚಾದದ್ದು ನಾವಿರುವ ಇದೇ ಮುಂಬಯಿಯಲ್ಲಿ.

ಲೀಲಾವತಿಯ ಲೆಕ್ಕಗಳನ್ನು ಓದುತ್ತಿದ್ದರೆ ಅಂದಿನ ಪೇಟೆಯ ಬೀದಿಯಲ್ಲಿ ನಡೆದಂತಾಗುತ್ತದೆ. ಒಂದು ನಿಷ್ಕದ ಏಳರಲ್ಲಿ ಮೂರು ಪಾಲಿಗೆ ಎರಡೂವರೆ ಪಲ ಕುಂಕುಮಕೇಸರಿ ಬಂದರೆ ಒಂಬತ್ತು ನಿಷ್ಕಕ್ಕೆ ಎಷ್ಟು? ಐವತ್ತೆರಡೂವರೆ ಪಲ. ಮೂವರು ವರ್ತಕರು ೫೧, ೬೮, ೮೫ ಹಾಕಿ ವ್ಯಾಪಾರ ಮಾಡಿದರು, ಒಟ್ಟು ೩೦೦ ಕೈಗೆ ಬಂದಿತು. ಯಾರಿಗೆಷ್ಟು? ಹಾಕಿದ್ದು ಒಟ್ಟು ೨೦೪, ಅದೇ ಪ್ರಮಾಣ. ಮೊದಲನೆಯವನಿಗೆ ೭೫, ಎರಡನೆಯವನಿಗೆ ೧೦೦, ಮೂರನೆಯವನಿಗೆ ೧೨೫. ಪಾಲುದಾರಿಕೆಯಲ್ಲಿ ಹೋಟೆಲು ನಡೆಸಿದ ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾಲುಗಾರಿಕೆ ಮುರಿಯುವ ದಿನ ಮಾತ್ರ ಅದು ಮರೆತುಹೋಗುತ್ತಿತ್ತು!

ಚಿನ್ನದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಅಂದು ಅಪ್ಪಟ ಬಂಗಾರಕ್ಕೆ ೧೬ ವರ್ಣ. ಹತ್ತು ಮಾಷ ತೂಕದ ೧೩ ವರ್ಣದ ಚಿನ್ನ, ನಾಲ್ಕು ಮಾಷದ ೧೨ ವರ್ಣದ್ದು, ಎರಡು ಮಾಷದ ೧೧ ವರ್ಣದ್ದು, ನಾಲ್ಕು ಮಾಷದ ೧೦ ವರ್ಣದ್ದು ಎಲ್ಲವನ್ನೂ ಕೂಡಿಸಿ ಕರಗಿಸಿದರೆ ಬರುವ ಗಟ್ಟಿಯ ವರ್ಣವೆಷ್ಟು? ತೂಕವನ್ನು ವರ್ಣದಿಂದ ಗುಣಿಸಿ ಕೂಡಿದರೆ ೨೪೦; ಒಟ್ಟು ತೂಕ ೨೦; ಆದ್ದರಿಂದ ೧೨ ವರ್ಣ. ಇಂದು ಒಡವೆಯ ಮೇಲೆ ಕಾಣುವ ೯೧೬ ಎಂಬ ಮುದ್ರೆಯೂ ಇದೇ ವಂಶದ್ದು. ಇಪ್ಪತ್ತನಾಲ್ಕು ಕ್ಯಾರೆಟಿನಲ್ಲಿ ಇಪ್ಪತ್ತೆರಡೆಂದರೆ ಸಾವಿರಕ್ಕೆ ೯೧೬ ಪಾಲು ಚಿನ್ನ. ಹಳೆಯ ಒಡವೆ ಹಾಕಿ ಹೊಸದು ಮಾಡಿಸುವಾಗ ನಮ್ಮ ತಾಯಂದಿರು ಮನಸ್ಸಿನಲ್ಲೇ ಮಾಡುವ ಲೆಕ್ಕ ಭಾಸ್ಕರನದೇ.

ಇದೇ ಪುಸ್ತಕದಲ್ಲಿ, ಬರೆಯಲು ಕೈ ಹಿಂಜರಿಯುವ ಲೆಕ್ಕವೂ ಒಂದಿದೆ. ವ್ಯಸ್ತತ್ರೈರಾಶಿಕಕ್ಕೆ, ಎಂದರೆ ಒಂದು ಹೆಚ್ಚಿದರೆ ಇನ್ನೊಂದು ಇಳಿಯುವ ಲೆಕ್ಕಕ್ಕೆ, ಕೊಟ್ಟ ಉದಾಹರಣೆ ಅದು: ಹದಿನಾರು ವಯಸ್ಸಿನ ಹೆಣ್ಣಿಗೆ ೩೨ ನಿಷ್ಕ ಬೆಲೆಯಾದರೆ ಇಪ್ಪತ್ತು ವಯಸ್ಸಿನವಳಿಗೆ ಎಷ್ಟು? ಇಪ್ಪತ್ತೈದು ನಿಷ್ಕದ ಮೇಲೆ ಐದರಲ್ಲಿ ಮೂರು ಪಾಲು ಎಂದು ಉತ್ತರವೂ ಬರುತ್ತದೆ. ಮನುಷ್ಯರನ್ನು ಮಾರುತ್ತಿದ್ದ ಕಾಲ. ಪೂರ್ವಜರ ವಿದ್ಯೆಯನ್ನು ಕೊಂಡಾಡುವಾಗ ಈ ಪುಟವನ್ನು ಮಡಚಿಡುವುದು ಸರಿಯಲ್ಲ. ಸೂತ್ರಕ್ಕೆ ಕಣ್ಣಿಲ್ಲ, ಕಾಯಿಯನ್ನು ಇಟ್ಟರೂ ಉತ್ತರ ಕೊಡುತ್ತದೆ, ಹೆಣ್ಣುಮಗಳನ್ನು ಇಟ್ಟರೂ ಕೊಡುತ್ತದೆ.

ಇನ್ನು ನನ್ನ ದಿನನಿತ್ಯದ ವಿಷಯವಾದ ಬಡ್ಡಿ. ಇಲ್ಲಿ ಮೂರು ರಾಶಿ ಸಾಲದು. ಮೂಲಧನ, ಕಾಲ, ಬಡ್ಡಿ ಕೂಡಿ ಪಂಚರಾಶಿಕವಾಗುತ್ತದೆ. ಲೀಲಾವತಿಯ ಉದಾಹರಣೆ ಹೀಗಿದೆ: ನೂರಕ್ಕೆ ಒಂದು ತಿಂಗಳಿಗೆ ಐದು ಬಡ್ಡಿಯಾದರೆ ಹದಿನಾರಕ್ಕೆ ಒಂದು ವರ್ಷಕ್ಕೆ ಎಷ್ಟು? ಒಂಬತ್ತರ ಮೇಲೆ ಐದರಲ್ಲಿ ಮೂರು ಪಾಲು. ಗಮನಿಸಿರಿ, ನೂರಕ್ಕೆ ಇಷ್ಟು ಎಂಬ ಮಾತು ಆಗಲೇ ಇಲ್ಲಿ ನೆಲೆಯೂರಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ನೂರು ಪಣಕ್ಕೆ ತಿಂಗಳಿಗೆ ಒಂದೂ ಕಾಲು ಪಣ ಧರ್ಮದ ಬಡ್ಡಿ, ವ್ಯಾಪಾರಕ್ಕೆ ಐದು, ಕಾಡುದಾರಿಯಲ್ಲಿ ಹೋಗುವವರಿಗೆ ಹತ್ತು, ಸಮುದ್ರದ ಮೇಲೆ ಹೋಗುವವರಿಗೆ ಇಪ್ಪತ್ತು ಎಂದು ಕಟ್ಟಲೆಯಿದೆ. ಅಪಾಯ ಹೆಚ್ಚಿದಷ್ಟು ಬಡ್ಡಿ ಹೆಚ್ಚು. ಇಂದಿನ ಬ್ಯಾಂಕಿನವರು ಹೊಸದಾಗಿ ಕಂಡುಹಿಡಿದುದೇನೂ ಇಲ್ಲ. ಆದರೆ ನಮ್ಮ ಹಿಂದಿನವರ ನೂರು ತಿಂಗಳ ನೂರು, ಬ್ಯಾಂಕಿನ ನೂರು ವರ್ಷದ ನೂರು. ಲೀಲಾವತಿಯ ಐದು ಬ್ಯಾಂಕಿನ ಭಾಷೆಯಲ್ಲಿ ಅರವತ್ತು. ಈ ಒಂದು ವ್ಯತ್ಯಾಸ ಎಷ್ಟು ಮನೆಗಳನ್ನು ಮುಳುಗಿಸಿದೆಯೋ!

ನಡುವೆ ಒಂದು ಕಾಲ ನಮ್ಮ ಹಿರಿಯರಿಗೆ ನೂರಕ್ಕಿಂತ ಹದಿನಾರು ಹೆಚ್ಚು ಹತ್ತಿರವಾಗಿತ್ತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಶೇಕಡಾ ಆರೂ ಕಾಲು ಎಂದರೆ ತಲೆ ಕೆರೆದುಕೊಳ್ಳುವವರು ರೂಪಾಯಿಗೆ ಒಂದಾಣೆ ಎಂದರೆ ತಟ್ಟನೆ ಹೇಳುತ್ತಿದ್ದರು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿ, ಹದಿನಾರನೆಯ ಒಂದು ಪಾಲಾದ ವೀಸ ಇವೆಲ್ಲ ಬಾಯಿಪಾಠ. ಮರಾಠಿಯ ಮಕ್ಕಳು ಪಾವಕಿ, ನಿಮಕಿ, ಪಾವುಣಕಿ ಎಂದು ಒಪ್ಪಿಸುತ್ತಿದ್ದುದೂ ಅದೇ. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬಂದಿತು, ರೂಪಾಯಿಗೆ ನೂರು ನಯೇ ಪೈಸೆಯಾಯಿತು. ನಮ್ಮ ರಾಜ್ಯ ಒಂದಾಗಿ ಆಗಿನ್ನೂ ಐದೇ ತಿಂಗಳು. ಮರುವರ್ಷ ಅಕ್ಟೋಬರಿನಿಂದ ಮಣ, ಸೇರುಗಳ ಜಾಗಕ್ಕೆ ಕಿಲೋಗ್ರಾಂ ಬರತೊಡಗಿತು. ಲೆಕ್ಕ ಸುಲಭವಾದುದರಲ್ಲಿ ಸಂದೇಹವಿಲ್ಲ. ಆದರೆ ಹದಿನಾರಾಣೆ ಸತ್ಯ ಎಂಬ ಮಾತು ಮಾತ್ರ ನೂರು ಪೈಸೆ ಸತ್ಯವಾಗಲಿಲ್ಲ.

ಈಗ ಒಂದು ನಡೆದ ಸಂಗತಿಯನ್ನು ಹೇಳಬೇಕು. ಕುಂದಾಪುರದ ಕಡೆಯ ಯುವಕನೊಬ್ಬನು ಇಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ, ಸಂಘದ ಕಾರ್ಯಕ್ರಮಗಳಿಗೆ ಬಂದು ಕುರ್ಚಿ ಹಾಕುತ್ತಾನೆ. ತಂಗಿಯ ಮದುವೆಗೆಂದು ಒಬ್ಬರಿಂದ ೪೦,೦೦೦ ರೂಪಾಯಿ ಕೈಸಾಲ ಪಡೆದಿದ್ದನು. "ಬ್ಯಾಂಕಿನಲ್ಲಿ ಕೇಳಬಾರದಿತ್ತೇ?" ಎಂದೆ. "ನಿಮ್ಮ ಬ್ಯಾಂಕಿನಲ್ಲಿ ಹನ್ನೆರಡಂತೆ ಅಣ್ಣ, ಇವರದು ಬರೀ ಮೂರು. ನೂರಕ್ಕೆ ಮೂರು" ಎಂದನು. ಹತ್ತನೆಯ ತರಗತಿ ಮುಗಿಸಿದ ಹುಡುಗ. ಶೇಕಡಾ ಲೆಕ್ಕದಲ್ಲಿ ಒಳ್ಳೆಯ ಗುಣವೂ ಬಂದಿತ್ತಂತೆ.

ಒಂದು ಚೀಟಿಯ ಹಿಂಬದಿಯಲ್ಲಿ ನಾನು ಐದು ರಾಶಿಗಳನ್ನು ಬರೆದೆ. ಒಂದು ಕಡೆ ೧೦೦, ೧ ತಿಂಗಳು, ೩. ಇನ್ನೊಂದು ಕಡೆ ೪೦,೦೦೦, ೧೨ ತಿಂಗಳು, ಅದರ ಕೆಳಗೆ ಬಿಟ್ಟ ಜಾಗ. ಅವನೇ ಗುಣಿಸಿ ಭಾಗಿಸಿದನು. ೧೪,೪೦೦ ಬಂದಿತು. ಹನ್ನೆರಡರ ಲೆಕ್ಕದಲ್ಲಾಗಿದ್ದರೆ ೪,೮೦೦. ತಿಂಗಳಿಗೆ ೧,೨೦೦ರಂತೆ ಅವನು ಒಂದು ವರ್ಷಕ್ಕೂ ಮೇಲ್ಪಟ್ಟು ಕೊಡುತ್ತ ಬಂದಿದ್ದನು; ಅಸಲು ಒಂದು ರೂಪಾಯಿಯೂ ತಗ್ಗಿರಲಿಲ್ಲ. ಚೀಟಿಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದನು.

ಹೀಗೆ ಮೋಸಹೋಗುವವರು ಓದು ಕಡಿಮೆಯಾದವರು ಮಾತ್ರ ಎಂದು ತಿಳಿಯಬೇಡಿರಿ. "ಫ್ಲ್ಯಾಟ್" ಬಡ್ಡಿ ಎಂಬುದೊಂದಿದೆ. ಒಂದು ಲಕ್ಷಕ್ಕೆ ಶೇಕಡಾ ಹತ್ತರಂತೆ ಎರಡು ವರ್ಷಕ್ಕೆ ಇಪ್ಪತ್ತು ಸಾವಿರ ಬಡ್ಡಿ, ಒಟ್ಟು ಒಂದು ಲಕ್ಷ ಇಪ್ಪತ್ತು ಸಾವಿರ, ಇಪ್ಪತ್ತನಾಲ್ಕು ತಿಂಗಳ ಕಂತು ತಲಾ ಐದು ಸಾವಿರ. ಕೇಳಲು ಹಿತವಾಗಿದೆ. ಆದರೆ ಕಂತಿನಿಂದ ಕಂತಿಗೆ ಅಸಲು ಕರಗುತ್ತಿರುತ್ತದೆ, ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಲಕ್ಷದ ಮೇಲೆಯೇ. ನಿಜವಾದ ದರ ಹದಿನೆಂಟನ್ನು ದಾಟುತ್ತದೆ. ಪದವೀಧರರೂ ಇಂಜಿನಿಯರರೂ ಇದಕ್ಕೆ ಸಹಿ ಹಾಕಿ ಬಂದು, ಹತ್ತಕ್ಕೇ ಸಿಕ್ಕಿತೆಂದು ಹೇಳುವುದನ್ನು ನಾನು ಕಂಡಿದ್ದೇನೆ. ಯಾವ ನೂರಕ್ಕೆ ಎಂದು ಅವರು ಕೇಳಿರುವುದಿಲ್ಲ.

ಆ ಹುಡುಗನು ಮರುವಾರ ನಮ್ಮ ಮನೆಗೆ ಬಂದನು. ಬ್ಯಾಂಕಿನ ಅರ್ಜಿ ತುಂಬಿಸಲು ಬಂದಿದ್ದನೆಂದು ತಿಳಿದೆ. ಅದಕ್ಕೂ ಬಂದಿದ್ದನು, ಜೊತೆಗೆ ಅವನದೇ ಖೋಲಿಯ ಇನ್ನಿಬ್ಬರ ಸಾಲದ ಚೀಟಿಗಳನ್ನೂ ತಂದಿದ್ದನು. ಒಂದರಲ್ಲಿ ನೂರಕ್ಕೆ ನಾಲ್ಕು, ಇನ್ನೊಂದರಲ್ಲಿ ನೂರಕ್ಕೆ ಐದು. ನನ್ನ ಮಗಳು ಪಾಟೀಚೀಲವನ್ನು ಸರಿಸಿ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು. ತಂದೆಯವರು ಕನ್ನಡಕ ಹುಡುಕತೊಡಗಿದರು.